ಒಳ್ಳೆ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆಯೇ? ರಿಪೋರ್ಟ್ ಕೈಲಿ ಹಿಡಿದು ಹೀಗೆ ನೋಡಿ

'ಒಳ್ಳೆ ಕೊಲೆಸ್ಟ್ರಾಲ್ 78 ಇದೆ, ಇನ್ನು ಹಾರ್ಟಿಗೆ ಏನೂ ಆಗಲ್ಲ ಅಲ್ವಾ?' 'ಎಚ್‌ಡಿಎಲ್ ಚೆನ್ನಾಗಿದೆ, ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟುಬಿಡ್ಲಾ?' ತುಮಕೂರು, ತಿಪಟೂರು, ಮಧುಗಿರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಎರಡನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ: ಬಿಡಬೇಡಿ. ಎಚ್‌ಡಿಎಲ್, ಅಂದರೆ ಈ ಒಳ್ಳೆ ಕೊಲೆಸ್ಟ್ರಾಲ್, ಎಷ್ಟೇ ಇರಲಿ, ಅದು ಕೆಟ್ಟ ಕೊಲೆಸ್ಟ್ರಾಲಿನ ಲೆಕ್ಕವನ್ನು ವಜಾ ಮಾಡುವುದಿಲ್ಲ. ಮೊದಲನೆಯ ಪ್ರಶ್ನೆಗೆ ಉತ್ತರ ಬೇಕಿದ್ದರೆ ರಿಪೋರ್ಟಿನ ಒಂದು ಸಾಲು ಸಾಲದು, ಪೂರ್ತಿ ಓದಬೇಕು.

ಬೇಕಾಗುವುದು ಇಷ್ಟು: ಈಗಿನ ಲಿಪಿಡ್ ಪ್ರೊಫೈಲ್ ರಿಪೋರ್ಟ್ (ರಕ್ತದ ಕೊಬ್ಬಿನ ಪರೀಕ್ಷೆ), ಸಿಕ್ಕರೆ ಹಳೆಯ ಒಂದೆರಡು ರಿಪೋರ್ಟು, ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ, ಒಂದು ಪೆನ್ನು. ಆಯುರ್ವೇದದ ಪುಡಿ, ಜಿಮ್ಮಿನವರು ಕೊಟ್ಟ ಡಬ್ಬಿ ಇದ್ದರೆ ಅವನ್ನೂ ಚೀಟಿಯಲ್ಲಿ ಬರೆಯಿರಿ.

ಮೊದಲು, ಎಚ್‌ಡಿಎಲ್ ಅಂದರೆ ಏನು

ರಕ್ತ ನೀರಿನಂಥದ್ದು, ಕೊಲೆಸ್ಟ್ರಾಲ್ ಎಣ್ಣೆಯಂಥದ್ದು. ಒಂದಕ್ಕೊಂದು ಬೆರೆಯುವುದಿಲ್ಲ. ಹಾಗಾಗಿ ದೇಹ ಕೊಲೆಸ್ಟ್ರಾಲನ್ನು ಪ್ರೋಟೀನಿನ ಹೊದಿಕೆಯುಳ್ಳ ಸಣ್ಣ ಕಣಗಳಲ್ಲಿ ತುಂಬಿ ಸಾಗಿಸುತ್ತದೆ. ಲಿವರಿನಿಂದ ಮೈಗೆಲ್ಲ ಒಯ್ಯುವ ಕಣ ಎಲ್‌ಡಿಎಲ್, 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವುದು ಇದನ್ನೇ. ಇದು ಹೆಚ್ಚಾದರೆ ರಕ್ತನಾಳದ ಗೋಡೆಯೊಳಗೆ ಸೇರಿ ಕಟ್ಟಿಕೊಳ್ಳುತ್ತದೆ. ಮಿಕ್ಕ ಕೊಲೆಸ್ಟ್ರಾಲನ್ನು, ರಕ್ತನಾಳದ ಗೋಡೆಯಲ್ಲಿ ಕೂತದ್ದನ್ನೂ, ಎತ್ತಿಕೊಂಡು ಲಿವರಿಗೆ ವಾಪಸ್ ತರುವ ಕಣ ಎಚ್‌ಡಿಎಲ್. ಲಿವರ್ ಅದನ್ನು ಪಿತ್ತರಸದ ಮೂಲಕ ಹೊರಹಾಕುತ್ತದೆ. 'ಒಳ್ಳೆಯದು' ಎಂಬ ಹೆಸರು ಬಂದದ್ದು ಈ ಕೆಲಸದಿಂದ. 1977ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೃದಯ ಅಧ್ಯಯನ, ಎಚ್‌ಡಿಎಲ್ ಹೆಚ್ಚಿದ್ದವರಲ್ಲಿ ಹೃದ್ರೋಗ ಕಡಿಮೆ ಎಂದು ತೋರಿಸಿದ ಮೇಲೆ ಆ ಹೆಸರು ಗಟ್ಟಿಯಾಯಿತು.

ತೊಡಕು ಇರುವುದು ಅಳತೆಯಲ್ಲಿ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಅಂಗಳದಲ್ಲಿ ನಿಂತ ಲಾರಿಗಳಲ್ಲಿ ಎಷ್ಟು ಮೂಟೆ ಇದೆ ಎಂದು ಎಣಿಸಿದ್ದೀರಿ ಅಂದುಕೊಳ್ಳಿ. ಆ ದಿನ ಎಷ್ಟು ಮೂಟೆ ಮುಟ್ಟಬೇಕಾದ ಜಾಗ ಮುಟ್ಟಿತು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಲ್ಯಾಬಿನ ಎಚ್‌ಡಿಎಲ್ ಅಂಕಿಯೂ ಹಾಗೆಯೇ: ಆ ಹೊತ್ತಿಗೆ ಎಚ್‌ಡಿಎಲ್ ಕಣಗಳೊಳಗೆ ಎಷ್ಟು ಕೊಲೆಸ್ಟ್ರಾಲ್ ಇತ್ತು ಎಂದಷ್ಟೇ ಹೇಳುತ್ತದೆ. ಎಷ್ಟು ಇಳಿಸಿತು ಎಂದು ಹೇಳುವುದಿಲ್ಲ. ಲಿವರಿನಲ್ಲಿ ಸರಕು ಇಳಿಸಿಕೊಳ್ಳುವ ಜಾಗವೇ ಕೆಟ್ಟಿದ್ದರೆ ತುಂಬಿದ ಲಾರಿಗಳು ರಕ್ತದಲ್ಲೇ ಸುತ್ತುತ್ತವೆ, ರಿಪೋರ್ಟಿನಲ್ಲಿ ಎಚ್‌ಡಿಎಲ್ ಭರ್ಜರಿಯಾಗಿ ಕಾಣುತ್ತದೆ. ಇದು ಊಹೆಯಲ್ಲ. ಲಿವರಿನ ಆ ಬಾಗಿಲನ್ನು ರೂಪಿಸುವ ಜೀನಿನಲ್ಲಿ ಹುಟ್ಟಿನಿಂದಲೇ ದೋಷ ಇರುವ ಅಪರೂಪದ ಜನರಿದ್ದಾರೆ. ಅವರ ಎಚ್‌ಡಿಎಲ್ ತುಂಬಾ ಹೆಚ್ಚು, ಹೃದ್ರೋಗದ ಅಪಾಯವೂ ಹೆಚ್ಚು ಎಂದು 2016ರಲ್ಲಿ ಸಂಶೋಧಕರು ತೋರಿಸಿದರು.

1. ರಕ್ತ ಕೊಟ್ಟದ್ದು ಸರಿಯಾದ ಸಮಯದಲ್ಲೇ?

ಹಿಂದಿನ ರಾತ್ರಿ ಊಟ ಮಾಡಿ 9ರಿಂದ 12 ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಕೊಡುವುದು ರೂಢಿ. ನೀರು ಕುಡಿಯಬಹುದು, ಹಾಲು ಹಾಕಿದ ಕಾಫಿ–ಟೀ ಬೇಡ. ಎಚ್‌ಡಿಎಲ್ ಅಂಕಿಗೆ ಉಪವಾಸದಿಂದ ದೊಡ್ಡ ವ್ಯತ್ಯಾಸವಾಗದು, ಊಟದ ಮೇಲೆ ಏರುವುದು ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು). ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಲ್ಯಾಬ್ ತೆರೆಯುವ ಹೊತ್ತಿಗೇ ಹೋಗಿ, ರಕ್ತ ಕೊಟ್ಟು, ತಿಂಡಿಯ ಜೊತೆಗೇ ಔಷಧಿ ತೆಗೆದುಕೊಳ್ಳಿ. ಔಷಧಿ ಮೊದಲು ತೆಗೆದುಕೊಂಡು ತಿಂಡಿ ತಡವಾದರೆ ಶುಗರ್ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ.

ಜ್ವರ, ನ್ಯುಮೋನಿಯ, ಆಪರೇಷನ್ ಆದ ಹೊಸತರಲ್ಲಿ ಕೊಲೆಸ್ಟ್ರಾಲ್ ಅಂಕಿಗಳು ಇಳಿದು ಸುಳ್ಳು ನೆಮ್ಮದಿ ಕೊಡುತ್ತವೆ. ಬಸುರಿಯಲ್ಲಿ ಏರುತ್ತವೆ. ಅಂಥ ಸಮಯದ ರಿಪೋರ್ಟ್ ನಂಬಿ ತೀರ್ಮಾನ ಮಾಡಬೇಡಿ.

ಇನ್ನೊಂದು ಮಾತು: ಒಬ್ಬರದೇ ರಕ್ತದಲ್ಲಿ ಎಚ್‌ಡಿಎಲ್ ವಾರದಿಂದ ವಾರಕ್ಕೆ ನೂರಕ್ಕೆ ಐದಾರು ಭಾಗ ಹೆಚ್ಚುಕಡಿಮೆ ಆಗುವುದು ಸಹಜ. ಕಳೆದ ಸಲ 58 ಇತ್ತು, ಈಗ 62 ಎಂದು ಹಿಗ್ಗುವುದಕ್ಕೂ, 62 ಇದ್ದದ್ದು 58 ಆಯಿತು ಎಂದು ಕುಗ್ಗುವುದಕ್ಕೂ ಕಾರಣವಿಲ್ಲ.

2. ನಾಲ್ಕು ಅಂಕಿಗಳಿಗೆ ಗೆರೆ ಎಳೆಯಿರಿ

ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಎಲ್‌ಡಿಎಲ್, ಟ್ರೈಗ್ಲಿಸರೈಡ್. ಇಲ್ಲಿ ಹೇಳುವ ಅಂಕಿಗಳೆಲ್ಲ ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ನಮ್ಮ ಲ್ಯಾಬುಗಳ ಲೆಕ್ಕವೂ ಇದೇ. ವಿದೇಶದಲ್ಲಿರುವ ಮಗ–ಮಗಳ ರಿಪೋರ್ಟಿನಲ್ಲಿ ಎಚ್‌ಡಿಎಲ್ 1.8 ಎಂದಿದ್ದರೆ ಗಾಬರಿ ಬೇಡ, ಅದು ಮಿಲಿಮೋಲ್ ಲೆಕ್ಕ. 38.7ರಿಂದ ಗುಣಿಸಿದರೆ ಸುಮಾರು 70 ಆಗುತ್ತದೆ.

ಎಲ್‌ಡಿಎಲ್ ಅಂಕಿಯನ್ನು ಬಹಳ ಲ್ಯಾಬುಗಳು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಡುತ್ತದೆ. ಆಗ ನೇರ ಅಳತೆ ಮಾಡಿಸಿ.

3. ನಿಮ್ಮ ಎಚ್‌ಡಿಎಲ್ ಎಲ್ಲಿ ನಿಂತಿದೆ?

ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಅದು ಕಡಿಮೆ. ನಮ್ಮ ದೇಶದಲ್ಲಿ ಹೆಚ್ಚು ಜನರ ಸಮಸ್ಯೆ ಇದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಾಲ್ಕು ಪ್ರದೇಶಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 72.3 ಮಂದಿಗೆ ಎಚ್‌ಡಿಎಲ್ ಕಡಿಮೆ ಇತ್ತು. ಆದ್ದರಿಂದ ನಿಮಗೆ 60–70 ಬಂದಿದ್ದರೆ ಸುತ್ತಲಿನವರಿಗಿಂತ ಬೇರೆಯಾಗಿ ಕಾಣುವುದು ಸಹಜ.

60ರಿಂದ 80ರವರೆಗೆ ಇದ್ದರೆ ಚಿಂತೆ ಬೇಡ. ಇದು ಒಳ್ಳೆಯ ವಲಯವೇ. ಓಡಾಟ, ದುಡಿಮೆ ಇರುವವರಲ್ಲಿ, ಮುಟ್ಟು ನಿಲ್ಲದ ಹೆಂಗಸರಲ್ಲಿ ಇಷ್ಟಿರುವುದುಂಟು. ಹಳೆಯ ಪಟ್ಟಿಗಳು 60 ದಾಟಿದವರಿಗೆ ಅಪಾಯದ ಲೆಕ್ಕದಲ್ಲಿ ಒಂದು ಅಂಶ ಕಳೆಯುತ್ತಿದ್ದವು. 'ಹಾರ್ಟಿಗೆ ರಕ್ಷಣೆ' ಎಂಬ ಮಾತು ಹರಡಿದ್ದು ಅಲ್ಲಿಂದಲೇ.

80 ದಾಟಿದರೆ ಏಕೆ ಎಂದು ಕೇಳಬೇಕು. ಗಂಡಸರಲ್ಲಿ 100ರ ಹತ್ತಿರ ಬಂದರಂತೂ ಕೇಳಲೇಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2017ರಲ್ಲಿ ಹೊರಬಂತು. ಸಾವು ಅತಿ ಕಡಿಮೆ ಇದ್ದದ್ದು ಗಂಡಸರಲ್ಲಿ ಎಚ್‌ಡಿಎಲ್ 73ರ ಸುತ್ತ, ಹೆಂಗಸರಲ್ಲಿ 93ರ ಸುತ್ತ. ಅದಕ್ಕಿಂತ ಕೆಳಗೆ ಇಳಿದರೂ ಅಪಾಯ ಏರಿತು, ಬಹಳ ಮೇಲೆ ಹೋದರೂ ಏರಿತು. 116 ಮುಟ್ಟಿದ ಗಂಡಸರಲ್ಲಿ ಸಾವಿನ ಅಪಾಯ ಇಮ್ಮಡಿ, 135 ಮುಟ್ಟಿದ ಹೆಂಗಸರಲ್ಲಿ ಶೇ 68 ಹೆಚ್ಚು. 2022ರಲ್ಲಿ ಬ್ರಿಟನ್ನಿನ ಹೃದ್ರೋಗಿಗಳ ಮಾಹಿತಿ ನೋಡಿದಾಗಲೂ 80 ದಾಟಿದವರಲ್ಲಿ ಸಾವಿನ ಅಪಾಯ, 40–60 ಇದ್ದವರಿಗಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು.

ಇದನ್ನು ಓದಿ ಹೆದರಬೇಡಿ. ಎಚ್‌ಡಿಎಲ್ ಹೆಚ್ಚಾದದ್ದೇ ಸಾವಿಗೆ ಕಾರಣ ಎಂದು ಈ ಅಧ್ಯಯನಗಳು ಸಾಧಿಸುವುದಿಲ್ಲ. ಎರಡೂ ಒಟ್ಟಿಗೆ ಕಂಡವು, ಅಷ್ಟೆ. ಕುಡಿತ, ಜೀನು, ಬೇರೆ ಕಾಯಿಲೆ ಹಿಂದೆ ಅಡಗಿರಬಹುದು. ಅಲ್ಲದೆ ಅವು ಯುರೋಪಿನವರ ಅಂಕಿಗಳು. ನಮಗೆ ಅದರಿಂದ ಸಿಗುವ ಪಾಠ: ಎಚ್‌ಡಿಎಲ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಏಣಿ ಎಲ್ಲೋ ಒಂದು ಕಡೆ ಮುಗಿಯುತ್ತದೆ.

4. ನಿಜವಾಗಿ ನೋಡಬೇಕಾದ ಲೆಕ್ಕ: ನಾನ್–ಎಚ್‌ಡಿಎಲ್

ಪೆನ್ನು ಬೇಕು ಎಂದದ್ದು ಇದಕ್ಕೇ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಉಳಿದದ್ದು ನಾನ್–ಎಚ್‌ಡಿಎಲ್. ರಕ್ತನಾಳದಲ್ಲಿ ಕಟ್ಟಿಕೊಳ್ಳಬಲ್ಲ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಬಂತು.

ಒಬ್ಬರ ರಿಪೋರ್ಟ್ ಹೀಗಿದೆ ಎನ್ನೋಣ: ಒಟ್ಟು 236, ಎಚ್‌ಡಿಎಲ್ 74, ಟ್ರೈಗ್ಲಿಸರೈಡ್ 110. ನಾನ್–ಎಚ್‌ಡಿಎಲ್ 236 – 74 = 162. ಎಲ್‌ಡಿಎಲ್ 236 – 74 – 22 = 140. ಕೆಳಗೆ ಲ್ಯಾಬಿನವರು 'ಒಟ್ಟು ಕೊಲೆಸ್ಟ್ರಾಲ್/ಎಚ್‌ಡಿಎಲ್ ಅನುಪಾತ 3.2, ಸಾಮಾನ್ಯ' ಎಂದು ಮುದ್ರಿಸಿರುತ್ತಾರೆ. ಬಹಳ ಜನ ಜಾರುವುದು ಇಲ್ಲೇ. ಎಚ್‌ಡಿಎಲ್ ದೊಡ್ಡದಿದ್ದಾಗ ಅನುಪಾತ ತಾನಾಗಿ ಚಿಕ್ಕದಾಗುತ್ತದೆ, ಎಲ್‌ಡಿಎಲ್ 140 ಅದರ ಹಿಂದೆ ಮರೆಯಾಗುತ್ತದೆ. ಆ ಅನುಪಾತದ ಸಾಲು ನೋಡಿ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಬ್ಬರದು: ಒಟ್ಟು 178, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 245. ಒಟ್ಟು 200ರ ಒಳಗಿದೆ ಎಂದು ಮನೆಯವರೆಲ್ಲ ಸಮಾಧಾನಪಡುತ್ತಾರೆ. ಎಲ್‌ಡಿಎಲ್ 95, ಅದೂ ಚೆನ್ನಾಗಿ ಕಾಣುತ್ತದೆ. ಆದರೆ ನಾನ್–ಎಚ್‌ಡಿಎಲ್ 144. ಹೊಟ್ಟೆ ಬಂದ, ಶುಗರ್ ಇರುವ ನಮ್ಮ ಕಡೆಯವರಲ್ಲಿ ಈ ಎರಡನೇ ಬಗೆಯೇ ಹೆಚ್ಚು.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಗುರಿಗಳು ಹೀಗಿವೆ. ಬೇರೆ ಕಾಯಿಲೆ ಇಲ್ಲದ ಸಾಮಾನ್ಯರಿಗೆ ಎಲ್‌ಡಿಎಲ್ 100ರ ಒಳಗೆ, ನಾನ್–ಎಚ್‌ಡಿಎಲ್ 130ರ ಒಳಗೆ. ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದು ಅಪಾಯ ಹೆಚ್ಚಿರುವವರಿಗೆ 70 ಮತ್ತು 100. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಆದವರಂಥ ಅತಿ ಹೆಚ್ಚು ಅಪಾಯದವರಿಗೆ 55 ಮತ್ತು 85. ಈ ಗುರಿಗಳಲ್ಲಿ ಎಚ್‌ಡಿಎಲ್ ಹೆಚ್ಚಿದ್ದವರಿಗೆ ರಿಯಾಯಿತಿ ಇಲ್ಲ. ಸ್ಟೆಂಟ್ ಹಾಕಿಸಿಕೊಂಡವರ ಎಚ್‌ಡಿಎಲ್ 40 ಇರಲಿ, 90 ಇರಲಿ, ಎಲ್‌ಡಿಎಲ್ 55ರ ಒಳಗೇ ಬರಬೇಕು.

5. 80 ದಾಟಿದ್ದರೆ ಕಾರಣ ಹುಡುಕಿ

ಮೊದಲು ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಅದೇ ಲ್ಯಾಬಿನಲ್ಲಾದರೆ ಹೋಲಿಕೆ ಸುಲಭ. ಮತ್ತೆಯೂ ಅಷ್ಟೇ ಬಂದರೆ ಕೆಳಗಿನವನ್ನು ಒಂದೊಂದಾಗಿ ನೋಡಿ.

ಕುಡಿತ. ಗಂಡಸರಲ್ಲಿ ಮೊದಲು ಕೇಳಬೇಕಾದ್ದು ಇದು, ಮನೆಯಲ್ಲಿ ಕಡೆಗೆ ಬಾಯಿಬಿಡುವುದೂ ಇದು. ಮದ್ಯ ಎಚ್‌ಡಿಎಲ್ ಏರಿಸುತ್ತದೆ, ನಿಜ. ದಿನಾ ಕುಡಿಯುವವರ ರಿಪೋರ್ಟಿನಲ್ಲಿ ಎಚ್‌ಡಿಎಲ್ 85–90 ಕಾಣುವುದುಂಟು. ಅದು ರಕ್ಷಣೆಯಲ್ಲ, ಲಿವರಿನ ಮೇಲೆ ಬೀಳುತ್ತಿರುವ ಹೊರೆಯ ಗುರುತು. 'ದಿನಾ ಒಂದು ಪೆಗ್ ಹಾರ್ಟಿಗೆ ಒಳ್ಳೇದು' ಎಂದು ಈ ಅಂಕಿ ತೋರಿಸಿ ವಾದಿಸುವವರು ಅದೇ ರಿಪೋರ್ಟಿನ ಟ್ರೈಗ್ಲಿಸರೈಡ್ ಸಾಲನ್ನೂ ಓದಬೇಕು, ಬಿಪಿಯನ್ನೂ ಅಳೆಸಬೇಕು. ಮದ್ಯ ಅವೆರಡನ್ನೂ ಏರಿಸುತ್ತದೆ. ಡಾಕ್ಟರ ಹತ್ತಿರ ಎಷ್ಟು ಕುಡಿಯುತ್ತೀರಿ ಎಂದು ಇದ್ದದ್ದು ಇದ್ದಂತೆ ಹೇಳಿ. ಮುಚ್ಚಿಟ್ಟರೆ ಅವರು ಬೇರೆ ಕಾಯಿಲೆ ಹುಡುಕುತ್ತಾ ನಿಮ್ಮಿಂದ ಬೇಡದ ಪರೀಕ್ಷೆಗಳನ್ನು ಮಾಡಿಸಬೇಕಾಗುತ್ತದೆ. ತುಂಬಾ ವರ್ಷದಿಂದ ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಬಿಡುವುದನ್ನು ವೈದ್ಯರ ಕಣ್ಣಳತೆಯಲ್ಲೇ ಮಾಡಿ.

ಔಷಧಿ. ಈಸ್ಟ್ರೋಜನ್ ಇರುವ ಹಾರ್ಮೋನ್ ಮಾತ್ರೆಗಳು, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಎಚ್‌ಡಿಎಲ್ ಏರಿಸುತ್ತವೆ. ಹಾಗೆಂದು ಫಿಟ್ಸ್ ಮಾತ್ರೆಯನ್ನು ನೀವೇ ನಿಲ್ಲಿಸಬಾರದು.

ಲಿವರ್ ಮತ್ತು ಪಿತ್ತನಾಳ. ಲಿವರಿನೊಳಗಿನ ಸಣ್ಣ ಪಿತ್ತನಾಳಗಳು ನಿಧಾನಕ್ಕೆ ಹಾಳಾಗುವ ಒಂದು ಕಾಯಿಲೆ ಇದೆ, ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಆರಂಭದಲ್ಲಿ ಎಚ್‌ಡಿಎಲ್ ತುಂಬಾ ಏರಿರುತ್ತದೆ. ಕಾರಣವಿಲ್ಲದೆ ಮೈಯೆಲ್ಲ ತುರಿಕೆ, ವಿಪರೀತ ಸುಸ್ತು ಜೊತೆಗಿದ್ದರೆ ಲಿವರ್ ಪರೀಕ್ಷೆ (ಎಲ್‌ಎಫ್‌ಟಿ) ಮಾಡಿಸಿ, ಅದರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಎಂಬ ಎರಡು ಸಾಲು ಇವೆಯೇ ನೋಡಿ.

ಥೈರಾಯ್ಡ್. ಅದು ಮಂದವಾದರೆ ಮುಖ್ಯವಾಗಿ ಎಲ್‌ಡಿಎಲ್ ಏರುತ್ತದೆ, ಎಚ್‌ಡಿಎಲ್ ಕೂಡ ಸ್ವಲ್ಪ ಏರಬಹುದು. ಟಿಎಸ್‌ಎಚ್ ಪರೀಕ್ಷೆ ಸಾಕು.

ವಂಶ. ಮೇಲಿನ ಯಾವುದೂ ಅಲ್ಲದಿದ್ದರೆ ಜೀನಿನ ಕಡೆ ನೋಡಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರ ರಿಪೋರ್ಟು ಕೇಳಿ. ಅವರಲ್ಲೂ ಎಚ್‌ಡಿಎಲ್ ಹೆಚ್ಚಿದ್ದು ಮನೆತನದಲ್ಲಿ ಎಲ್ಲರೂ ದೀರ್ಘಾಯುಗಳಾದರೆ ಸಮಾಧಾನದ ಸಂಗತಿ. ಅದೇ ಮನೆಯಲ್ಲಿ ಐವತ್ತರ ಆಸುಪಾಸಿನಲ್ಲಿ ಹಾರ್ಟ್ ಅಟ್ಯಾಕ್ ಆದವರಿದ್ದರೆ ಎಚ್‌ಡಿಎಲ್ ಅಂಕಿಯನ್ನು ಪಕ್ಕಕ್ಕಿಟ್ಟು ವೈದ್ಯರಿಗೆ ಆ ವಿಷಯ ಮೊದಲು ಹೇಳಿ. ಜೊತೆಗೆ ಲೈಪೋಪ್ರೋಟೀನ್–ಎ ಎಂಬ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಿ. ಇದು ಹುಟ್ಟಿನಿಂದ ಬರುವ, ಸಾಮಾನ್ಯ ಲಿಪಿಡ್ ಪ್ರೊಫೈಲಿನಲ್ಲಿ ಪ್ರತ್ಯೇಕವಾಗಿ ಕಾಣದ ಒಂದು ಕೆಟ್ಟ ಕಣ. 50 ಮಿ.ಗ್ರಾಂ ದಾಟಿದರೆ ಹೆಚ್ಚು ಎಂದು ಲೆಕ್ಕ.

6. ಎಚ್‌ಡಿಎಲ್ ಏರಿಸಲು ಹೊರಡಬೇಡಿ

ಔಷಧಿಯಿಂದ ಎಚ್‌ಡಿಎಲ್ ಏರಿಸಿದರೆ ಹೃದಯ ಉಳಿಯುತ್ತದೆಯೇ ಎಂದು ವಿಜ್ಞಾನಿಗಳು ದೊಡ್ಡ ಮಟ್ಟದಲ್ಲೇ ಪರೀಕ್ಷಿಸಿದ್ದಾರೆ. ಟಾರ್ಸೆಟ್ರಾಪಿಬ್ ಎಂಬ ಔಷಧಿ ಎಚ್‌ಡಿಎಲನ್ನು ಭಾರಿ ಏರಿಸಿತು, ಆದರೆ ತೆಗೆದುಕೊಂಡವರಲ್ಲಿ ಸಾವು ಹೆಚ್ಚಾಗಿ 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅದೇ ಜಾತಿಯ ಡಾಲ್ಸೆಟ್ರಾಪಿಬ್‌ನಿಂದಲೂ ಎವಾಸೆಟ್ರಾಪಿಬ್‌ನಿಂದಲೂ ಹೃದಯಕ್ಕೆ ಲಾಭ ಕಾಣಲಿಲ್ಲ. ನಯಾಸಿನ್ (ಬಿ ಗುಂಪಿನ ಒಂದು ವಿಟಮಿನ್, ದೊಡ್ಡ ಪ್ರಮಾಣದಲ್ಲಿ) ಎಚ್‌ಡಿಎಲ್ ಏರಿಸುತ್ತದೆ. 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯ ಜೊತೆ ಅದನ್ನು ಕೊಟ್ಟರೆ ಹೃದಯಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು. 'ಎಚ್‌ಡಿಎಲ್ ಬೂಸ್ಟರ್' ಎಂದು ಮಾರುವ ಡಬ್ಬಿ ಕಂಡರೆ ಈ ಇತಿಹಾಸ ನೆನಪಿಸಿಕೊಳ್ಳಿ, ದುಡ್ಡು ಉಳಿಸಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ರೂಪವಿದೆ: ಕೊಬ್ಬರಿ ಎಣ್ಣೆ. 'ಕೊಬ್ಬರಿ ಎಣ್ಣೆ ಒಳ್ಳೆ ಕೊಲೆಸ್ಟ್ರಾಲ್ ಹೆಚ್ಚಿಸುತ್ತೆ' ಎಂಬ ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯಲ್ಲಿ, ಬೇರೆ ಸಸ್ಯದ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಎಚ್‌ಡಿಎಲನ್ನು ಸುಮಾರು 4 ಏರಿಸಿತು, ಎಲ್‌ಡಿಎಲನ್ನು ಸುಮಾರು 10 ಏರಿಸಿತು. ಒಂದು ಕೈಲಿ ನಾಲ್ಕು ಕೊಟ್ಟು ಇನ್ನೊಂದು ಕೈಲಿ ಹತ್ತು ಕಿತ್ತುಕೊಂಡ ಹಾಗೆ. ತೆಂಗನ್ನೇ ನಂಬಿದ ಊರಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೆ ಹೇಳದೆ ಇರಲಾಗದು. ತಟ್ಟೆ ಇಡ್ಲಿ ಜೊತೆಗಿನ ಚಟ್ನಿಯ ಒಂದು ಹಿಡಿ ತೆಂಗಿನಕಾಯಿ ಬೇರೆ ಮಾತು. ದಿನದ ಒಗ್ಗರಣೆ, ಕರಿಯುವುದು, ಪಲ್ಯ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಬಳಸುವುದು, ಬೆಳಿಗ್ಗೆ ಚಮಚಗಟ್ಟಲೆ ಕುಡಿಯುವುದು ಎಲ್‌ಡಿಎಲ್ ಹೆಚ್ಚಿರುವವರಿಗೆ ಬೇಡ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬದಲಾಯಿಸಿ ಬಳಸಿ. ಯಾವುದೇ ಆಗಲಿ, ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ. ನಾಲ್ಕು ಜನರ ಮನೆಗೆ 2 ಲೀಟರ್. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

7. ಬದಲಿಗೆ ಮಾಡಬೇಕಾದ್ದು

ಸ್ಟ್ಯಾಟಿನ್ (ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಹೆಸರಿನ ಕೊಲೆಸ್ಟ್ರಾಲ್ ಮಾತ್ರೆ) ಬರೆದುಕೊಟ್ಟಿದ್ದರೆ ಬಿಡದೆ ನುಂಗಿ. ಎಲ್‌ಡಿಎಲ್ ಇಳಿದದ್ದು ಮಾತ್ರೆಯಿಂದ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಹಿಂದಿನ ಜಾಗಕ್ಕೇ ಬರುತ್ತದೆ. ಬೆಲೆ ಭಾರವಾದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಮೈಕೈ ಸ್ನಾಯು ತುಂಬಾ ನೋವಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಬಸುರಿಯಾಗುವ ಯೋಚನೆ ಇರುವವರು ಮೊದಲೇ ತಿಳಿಸಿ.

ನಡಿಗೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವ ವೇಗದಲ್ಲಿ. ಅಮಾನಿಕೆರೆಯ ದಂಡೆಯಾದರೂ ಸರಿ, ಹೊಲದ ಬದುವಾದರೂ ಸರಿ. ಇದರಿಂದ ಎಚ್‌ಡಿಎಲ್ ಏರುವುದು ಸರಾಸರಿ ಎರಡು–ಮೂರು ಅಂಕಿ ಮಾತ್ರ. ಲಾಭ ಬರುವುದು ಬಿಪಿ, ಶುಗರ್, ಟ್ರೈಗ್ಲಿಸರೈಡ್ ಇಳಿದು. ಆರು ತಿಂಗಳು ನಡೆದರೂ ಎಚ್‌ಡಿಎಲ್ ಮೇಲೇಳಲಿಲ್ಲ ಎಂದು ನಡಿಗೆ ಬಿಡುವವರು ತಪ್ಪು ಅಂಕಿ ನೋಡುತ್ತಿದ್ದಾರೆ.

ಊಟದಲ್ಲಿ ರಾಗಿ ಮುದ್ದೆಯನ್ನು ಬಿಡಬೇಕಿಲ್ಲ, ಗಾತ್ರ ನೋಡಿಕೊಳ್ಳಿ. ಎರಡು ದೊಡ್ಡ ಮುದ್ದೆ, ಮೇಲೊಂದು ತಟ್ಟೆ ಅನ್ನ ಉಂಡು ಕೂತರೆ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಹೊಲದಲ್ಲಿ ದುಡಿಯುವವರ ಊಟದ ಅಳತೆ ಅಂಗಡಿಯಲ್ಲಿ ಕೂರುವವರಿಗೆ ಹೊಂದದು. ಒಂದು ಮುದ್ದೆಗೆ ಇಳಿಸಿ, ಬಸ್ಸಾರಿನ ಸೊಪ್ಪು–ಕಾಳಿನ ಪಲ್ಯ ದುಪ್ಪಟ್ಟು ಮಾಡಿ. ಹುರುಳಿ, ಅವರೆ, ಅಲಸಂದೆಯ ನಾರು ಎಲ್‌ಡಿಎಲ್ ಇಳಿಸಲು ನೆರವಾಗುತ್ತದೆ. ವನಸ್ಪತಿಯಲ್ಲಿ ಮಾಡಿದ ಬೇಕರಿ ತಿನಿಸು ಬೇಡ. ಅದರ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ. 2022ರ ಜನವರಿಯಿಂದ ಶೇ 2ಕ್ಕಿಂತ ಹೆಚ್ಚು ಇರಬಾರದು ಎಂಬ ನಿಯಮ ದೇಶದಲ್ಲಿದೆ, ಆದರೂ ಪೊಟ್ಟಣದ ಹಿಂಬದಿ ಓದಿ.

ಬೀಡಿ, ಸಿಗರೇಟು ಬಿಟ್ಟರೆ ಎಚ್‌ಡಿಎಲ್ ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಜಿಮ್ಮಿನಲ್ಲಿ ಮೈ ಉಬ್ಬಿಸಲು ಕೊಡುವ ಅನಬಾಲಿಕ್ ಸ್ಟೀರಾಯ್ಡ್ ಎಚ್‌ಡಿಎಲನ್ನು ಪಾತಾಳಕ್ಕೆ ಇಳಿಸುತ್ತದೆ. ಇಪ್ಪತ್ತೈದರ ಹುಡುಗನ ಎಚ್‌ಡಿಎಲ್ 15–20 ಬಂದರೆ ಅವನ ಡಬ್ಬಿಗಳನ್ನು ಮೊದಲು ನೋಡಿ.

8. ಯಾವಾಗ ಮತ್ತೆ ಪರೀಕ್ಷೆ, ಯಾವಾಗ ಓಡಬೇಕು

ಮಾತ್ರೆ ಶುರುಮಾಡಿದ ಅಥವಾ ಪ್ರಮಾಣ ಬದಲಿಸಿದ ಮೇಲೆ 4ರಿಂದ 12 ವಾರದೊಳಗೆ ಒಮ್ಮೆ, ಆಮೇಲೆ ಗುರಿ ಮುಟ್ಟಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಡಾಕ್ಟರ ಬಳಿ ಹೋಗುವಾಗ ರಿಪೋರ್ಟಿನ ಮೇಲ್ತುದಿಯಲ್ಲಿ ನೀವೇ ಲೆಕ್ಕ ಹಾಕಿದ ನಾನ್–ಎಚ್‌ಡಿಎಲ್ ಬರೆದು, 'ನನ್ನ ಗುರಿ ಎಷ್ಟು?' ಎಂದು ಕೇಳಿ. 80 ದಾಟಿದವರು 'ಇದು ಯಾಕೆ ಇಷ್ಟಿದೆ?' ಎಂಬುದನ್ನೂ ಸೇರಿಸಿ.

ಎದೆ ಮೇಲೆ ಕಲ್ಲಿಟ್ಟಂತೆ ಭಾರ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಏದುಸಿರು ಬಂದರೆ ರಿಪೋರ್ಟು ತೆಗೆದು ಎಚ್‌ಡಿಎಲ್ ನೋಡುತ್ತಾ ಕೂರಬೇಡಿ. ಗ್ಯಾಸ್ ಇರಬಹುದು ಎಂದು ಸೋಡಾ ಕುಡಿದು ಕಾಯಬೇಡಿ. ತಾನೇ ಬೈಕ್ ಓಡಿಸಿಕೊಂಡು ಹೋಗುವುದೂ ಬೇಡ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ತೆಗೆಸಿ.